ನೀಲಿ ದೀಪ, ಕಂದು ಗೆರೆ

ದೀಪಾವಳಿಗೆ ಊರಿಗೆ ಹೋದಾಗ ಅಜ್ಜಿ ಮೊದಲು ಕೇಳಿದ್ದೇ ಇದು: "ದುಡ್ಡು ಕೊಟ್ಟು ಹಲ್ಲು ಬೆಳ್ಳಗೆ ಮಾಡಿಸ್ಕೊಂಡ್ಯಂತೆ, ಎಲ್ಲಿ ತೋರ್ಸು." ತೋರಿಸಿದೆ. "ಹಂಗೇ ಐತಲ್ಲೋ!" ಅಂತ ನಕ್ಕರು.

ನಮ್ಮೂರು ಬಂಗಾರಪೇಟೆ ಪಕ್ಕದ ಹಳ್ಳಿ. ನನ್ನ ಮುಂದಿನ ಹಲ್ಲುಗಳ ಮೇಲೆ ಚಿಕ್ಕಂದಿನಿಂದಲೂ ಕಂದು ಗೆರೆಗಳಿವೆ. ಮನೆಯಲ್ಲಿ ಹೆಣ್ಣು ನೋಡೋ ಮಾತು ಶುರುವಾದ ಮೇಲೆ ಬೆಂಗಳೂರಿನ ಒಂದು ಕ್ಲಿನಿಕ್ಕಿಗೆ ಹೋದೆ (ಅರ್ಥ ಮಾಡ್ಕೊಳ್ಳಿ :) ). ಹಲ್ಲಿಗೆ ಜೆಲ್ ಹಚ್ಚಿ, ಬಾಯಿ ತೆರೆಸಿ, ಎದುರಿಗೆ ನೀಲಿ ದೀಪ ಇಟ್ಟರು. ಎದ್ದು ಕನ್ನಡಿ ನೋಡಿದರೆ ಫಳಫಳ! ಒಂದು ವಾರದಲ್ಲಿ ಆ ಹೊಳಪು ಅರ್ಧ ಇಳಿದಿತ್ತು. ಗೆರೆಗಳು ಮಾತ್ರ ಹಾಗೇ ಇದ್ದವು.

ಯಾಕೆ ಹೀಗಾಯ್ತು ಅಂತ ಕೂತು ಓದಿದೆ. ಈ ದೀಪದ ಉಪಾಯ ಹೊಸದೇನಲ್ಲ. ಅಬಾಟ್ ಅನ್ನೋರು 1918ರಲ್ಲೇ ಹೈಡ್ರೋಜನ್ ಪೆರಾಕ್ಸೈಡನ್ನು ಪ್ರಖರ ಬೆಳಕಿನಿಂದ ಬಿಸಿ ಮಾಡಿ ಹಲ್ಲು ಬಿಳುಪಾಗಿಸುವ ಬಗ್ಗೆ ಬರೆದಿದ್ದರು. ಬಣ್ಣದ ಅಣುಗಳನ್ನು ಒಡೆಯೋದು ಪೆರಾಕ್ಸೈಡ್; ದೀಪದ ಕೆಲಸ ಅದನ್ನು ಚುರುಕು ಮಾಡೋದು. ಆದರೆ ದೀಪ ಇಟ್ಟು, ಇಡದೆ ಹೋಲಿಸಿ ನೋಡಿದ ಅನೇಕ ಪ್ರಯೋಗಗಳಲ್ಲಿ ಕೆಲವು ವಾರಗಳ ನಂತರ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಜೊತೆಗೆ, ತುಂಬಾ ಹೊತ್ತು ಬಾಯಿ ತೆರೆದಿದ್ದರೆ ಹಲ್ಲು ಒಣಗಿ ಇನ್ನಷ್ಟು ಬೆಳ್ಳಗೆ ಕಾಣುತ್ತೆ. ಎಂಜಲಲ್ಲಿ ನೆಂದ ಮೇಲೆ ಆ ಬಿಳುಪು ಇಳಿಯುತ್ತೆ. ನನ್ನ 'ಫಳಫಳ'ದ ಗುಟ್ಟು ಬಹುಪಾಲು ಇದೇ.

ಇನ್ನು ಗೆರೆಗಳು. ಅವು ಕಾಫಿ ಕಲೆಯಲ್ಲ, ಫ್ಲೋರೋಸಿಸ್. 1901ರಲ್ಲಿ ಅಮೆರಿಕದ ಕೊಲರಾಡೋದಲ್ಲಿ ಫ್ರೆಡರಿಕ್ ಮೆಕೇ ಎಂಬ ದಂತವೈದ್ಯರು ಇಂಥ ಕಂದು ಹಲ್ಲುಗಳನ್ನು ಕಂಡು ಬೆನ್ನು ಹತ್ತಿದರು. ಕಾರಣ ಕುಡಿಯುವ ನೀರಿನ ಫ್ಲೋರೈಡ್ ಅಂತ ಗೊತ್ತಾಗಿದ್ದು 1931ರಲ್ಲಿ. 1937ರಲ್ಲಿ ನಮ್ಮ ದೇಶದ ನೆಲ್ಲೂರು ಜಿಲ್ಲೆಯಿಂದಲೇ ಫ್ಲೋರೋಸಿಸ್ ವರದಿಯಾಯಿತು. ಎನಾಮೆಲ್ ರೂಪುಗೊಳ್ಳೋದು ಸುಮಾರು ಎಂಟು ವರ್ಷದೊಳಗೆ. ಆಗ ಕುಡಿದ ನೀರಿನ ಲೆಕ್ಕವನ್ನು ಹಲ್ಲು ಕೊನೇವರೆಗೂ ಇಟ್ಟುಕೊಂಡಿರುತ್ತೆ.

ನಮ್ಮ ಸೀಮೆಯ ಲೆಕ್ಕ ನೋಡಿ. ಕೆ.ಜಿ.ಎಫ್. ಗಣಿಗಳಿಗೆ 1902ರಲ್ಲೇ ಶಿವನಸಮುದ್ರದಿಂದ ಕರೆಂಟು ಬಂತು. ಕುಡಿಯೋ ನೀರು ಬಂದಿದ್ದು ಪಾಲಾರ್ ನದಿಯ ಬೇತಮಂಗಲ ಕೆರೆಯಿಂದ. ಅಜ್ಜಿಯ ಕಾಲಕ್ಕೆ ನಮ್ಮ ಹಳ್ಳಿಯಲ್ಲೂ ಕೆರೆ, ಅದರ ಪಕ್ಕ ಸೇದೋ ಬಾವಿ. ಕೆರೆ ಒಣಗಿತು, ಬಾವಿ ಬತ್ತಿತು, ಬೋರ್‌ವೆಲ್ ಬಂತು. ಆಳಕ್ಕೆ ಹೋದಷ್ಟೂ ನೀರು ಬಂಡೆಯ ಜೊತೆ ಹೆಚ್ಚು ಕಾಲ ಕಳೆದಿರುತ್ತೆ. ಗ್ರಾನೈಟಿನಲ್ಲಿರೋ ಫ್ಲೋರೈಡ್ ಅದರಲ್ಲಿ ಕರಗುತ್ತೆ. ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು. ಕೋಲಾರ ಜಿಲ್ಲೆಯ ಎಷ್ಟೋ ಬೋರ್‌ವೆಲ್‌ಗಳು ಆ ಮಿತಿ ದಾಟಿವೆ. ಎಲೆಅಡಿಕೆ ಹಾಕೋ ಅಜ್ಜಿಯ ಹಲ್ಲು ಕೆಂಪು, ಆದರೆ ಗೆರೆಯಿಲ್ಲ. ಬೋರ್‌ವೆಲ್ ನೀರು ಕುಡಿದು ಬೆಳೆದ ನನಗೆ ಗೆರೆ.

2001ರ ಫೆಬ್ರವರಿ 28ಕ್ಕೆ ಚಿನ್ನದ ಗಣಿ ಮುಚ್ಚಿತು. 2018ರಿಂದ ಬೆಂಗಳೂರಿನ ಕೊಳಚೆ ನೀರು ಸಂಸ್ಕರಣೆಯಾಗಿ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಜಿಲ್ಲೆಯ ಕೆರೆಗಳಿಗೆ ಬರ್ತಿದೆ. ಆದರೆ ಅದು ಅಂತರ್ಜಲ ಏರಿಸೋಕೆ, ಕುಡಿಯೋಕಲ್ಲ.

ಹಬ್ಬದ ದಿನ ನಾಲ್ಕು ವರ್ಷದ ಅಕ್ಕನ ಮಗಳು ನಲ್ಲಿಗೆ ಲೋಟ ಹಿಡಿದು ನಿಂತಿದ್ದಳು. ಊರಿನ ಶುದ್ಧ ನೀರಿನ ಘಟಕ ಕೆಟ್ಟು ಹದಿನೈದು ದಿನವಾಗಿತ್ತಂತೆ. "ಕಾಯಿಸಿ ಕೊಡ್ತೀನಲ್ಲೋ" ಅಂದಳು ಅಕ್ಕ. ಕಾಯಿಸಿದರೆ ಫ್ಲೋರೈಡ್ ಹೋಗಲ್ಲ ಅಂದೆ. ಅವಳ ಮುಖ ಸಪ್ಪಗಾಯ್ತು.

ಆವತ್ತೇ ಬೈಕಿನಲ್ಲಿ ಬಂಗಾರಪೇಟೆಗೆ ಹೋಗಿ ಎರಡು ಕ್ಯಾನ್ ಶುದ್ಧ ನೀರು ತಂದೆ. ನನ್ನ ಹಲ್ಲಿನ ಲೆಕ್ಕ ಮುಗಿದಿದೆ. ಅವಳದ್ದು ಈಗ ಬರೀತಾ ಇದೆ.

ನಿಮ್ಮೂರ ಬೋರ್‌ವೆಲ್ ನೀರನ್ನು ಯಾರಾದರೂ ಪರೀಕ್ಷೆ ಮಾಡಿಸಿದ್ದೀರಾ? ತಿಳಿಸಿ.