ಕಲಾಯಿಯಿಂದ ಬಿದರಿಯವರೆಗೆ: ನಮ್ಮ ನೆಲದ ರಸಾಯನಶಾಸ್ತ್ರದ ಲೆಕ್ಕಗಳು

ಮದುವೆಗೆ ಮುನ್ನ ತಾಮ್ರದ ದೇಗ್‌ಗಳಿಗೆ ಕಲಾಯಿ ಹಾಕಿಸುವುದನ್ನು ಮೋಮಿನಪುರದ ಹಿರಿಯರು ಎಷ್ಟೋ ಸಲ ಕಂಡಿದ್ದಾರೆ. ಕಲಾಯಿಗಾರನು ತಿದಿಯೊತ್ತಿ ಪಾತ್ರೆಯನ್ನು ಕಾಯಿಸುತ್ತಾನೆ. ಹತ್ತಿಯ ಉಂಡೆಯಿಂದ ನವಸಾಗರದ ಪುಡಿಯನ್ನು ಒಳಗೆಲ್ಲ ಸವರುತ್ತಾನೆ. ಬಿಳಿ ಹೊಗೆ ಭುಗ್ಗನೆ ಏಳುತ್ತದೆ. ತವರದ ಕಡ್ಡಿಯನ್ನು ತಾಕಿಸಿ ಒರೆಸಿದೊಡನೆ ಮಾಸಿದ ತಾಮ್ರ ಬೆಳ್ಳಿಯಂತೆ ಹೊಳೆಯುತ್ತದೆ. ಸುತ್ತ ನೆರೆದ ಮಕ್ಕಳಿಗೆ ಅದೊಂದು ತಮಾಷೆ. ಆದರೆ ಅದೇ ಮಕ್ಕಳು ಪಿಯುಸಿಗೆ ಬಂದು ಭೌತ ರಸಾಯನಶಾಸ್ತ್ರದ ಲೆಕ್ಕಗಳನ್ನು ಕಂಡಾಗ ಬೆದರುತ್ತಾರೆ. ಸೂತ್ರವನ್ನು ಬಾಯಿಪಾಠ ಮಾಡುತ್ತಾರೆ, ಅಂಕಿಗಳನ್ನು ತುಂಬುತ್ತಾರೆ, ಪರೀಕ್ಷೆ ಮುಗಿದ ಮೇಲೆ ಮರೆಯುತ್ತಾರೆ. ತಾವು ಬೀದಿಯಲ್ಲಿ ನೋಡಿದ್ದೂ ಪುಸ್ತಕದಲ್ಲಿ ಓದುತ್ತಿರುವುದೂ ಒಂದೇ ಎಂದು ಅವರಿಗೆ ಯಾರೂ ಹೇಳಿರುವುದಿಲ್ಲ.

ಪ್ರತಿಯೊಂದು ಲೆಕ್ಕವೂ ಒಂದು ಕಾಲದಲ್ಲಿ ಯಾರೋ ಒಬ್ಬ ಮನುಷ್ಯನ ಕೈಗೆ ಎದುರಾದ ನಿಜವಾದ ತೊಡಕಾಗಿತ್ತು. ಅಂಥ ಕೆಲವು ತೊಡಕುಗಳನ್ನು ನಮ್ಮ ನಾಡಿನ, ಅದರಲ್ಲೂ ನಮ್ಮ ಕಲಬುರಗಿ–ಬೀದರ್ ಭಾಗದ ಕುಶಲಕರ್ಮಿಗಳು ಹೇಗೆ ಬಿಡಿಸಿದರು ಎಂಬುದನ್ನು ಇತಿಹಾಸದ ಬೆಳಕಿನಲ್ಲಿ ನೋಡುವುದು ಈ ಲೇಖನದ ಉದ್ದೇಶ.

ನವಸಾಗರದ ಹಾದಿ

'ಕಲಾಯಿ' ಎಂಬ ಮಾತು ತವರವನ್ನು ಸೂಚಿಸುವ ಅರಬ್ಬೀ ಪದದಿಂದ ಬಂದಿದೆ. ಉರ್ದುವಿನಲ್ಲಿ ನಾವು ನೌಸಾದರ್ ಎನ್ನುವ ನವಸಾಗರವೇ ಪಠ್ಯಪುಸ್ತಕದ ಅಮೋನಿಯಂ ಕ್ಲೋರೈಡ್. ಜಾಬಿರ್ ಇಬ್ನ್ ಹಯ್ಯಾನರ ಹೆಸರಿನಲ್ಲಿ ಪ್ರಸಿದ್ಧವಾದ ಗ್ರಂಥಗಳಲ್ಲಿ ಇದರ ಪ್ರಸ್ತಾಪ ಮತ್ತೆ ಮತ್ತೆ ಬರುತ್ತದೆ. 9–10ನೆಯ ಶತಮಾನದ ವೈದ್ಯ ಅಲ್-ರಾಝಿ ತಮ್ಮ 'ಕಿತಾಬುಲ್ ಅಸ್ರಾರ್' ಗ್ರಂಥದಲ್ಲಿ ವಸ್ತುಗಳನ್ನು ವರ್ಗೀಕರಿಸಿ, ಮೂಸೆ, ತಿದಿ, ಬಟ್ಟಿ ಇಳಿಸುವ ಪಾತ್ರೆ ಮುಂತಾದ ಉಪಕರಣಗಳನ್ನೂ ವಿವರಿಸಿದರು. ಏನನ್ನು ಬಳಸಿದೆ, ಹೇಗೆ ಬಳಸಿದೆ ಎಂದು ಬರೆದಿಡುವ ಈ ಶಿಸ್ತೇ ಪ್ರಯೋಗಶಾಲೆಯ ತಾಯಿಬೇರು.

ಕಲಾಯಿಗಾರನ ತೊಡಕು ಇಷ್ಟೇ: ಕಾದ ತಾಮ್ರದ ಮೇಲೆ ಆಕ್ಸೈಡಿನ ಪೊರೆ ಕೂಡುತ್ತದೆ, ಆ ಪೊರೆಗೆ ತವರ ಅಂಟುವುದಿಲ್ಲ. ನವಸಾಗರವು ಕಾವಿಗೆ ಅಮೋನಿಯಾ ಮತ್ತು ಹೈಡ್ರೋಜನ್ ಕ್ಲೋರೈಡ್ ಎಂಬ ಎರಡು ಅನಿಲಗಳಾಗಿ ಒಡೆಯುತ್ತದೆ. ಎರಡನೆಯದು ಪೊರೆಯನ್ನು ತಿಂದು ಹಾಕುತ್ತದೆ. ಮೇಲೇರಿದ ಅನಿಲಗಳು ತಣ್ಣಗಾಗಿ ಮತ್ತೆ ಕೂಡಿಕೊಂಡಾಗ ಬಿಳಿ ಹೊಗೆಯಾಗುತ್ತದೆ. ಕಾವು ಏರಿದರೆ ಒಡೆಯುವುದು, ಇಳಿದರೆ ಕೂಡುವುದು, ಇದೇ ರಾಸಾಯನಿಕ ಸಮತೋಲನದ ಮೊದಲ ಪಾಠ. ತವರ 232 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕರಗುವುದರಿಂದ ಬೀದಿಬದಿಯ ಇದ್ದಿಲ ಒಲೆಯೇ ಇದಕ್ಕೆ ಸಾಕು.

ಕೆಳಮುಖವಾಗಿ ಬಟ್ಟಿ ಇಳಿಸಿದವರು

ಇದಕ್ಕಿಂತ ಕಠಿಣವಾದ ಲೆಕ್ಕ ಸತುವಿನದು. ಅದಿರಿನಿಂದ ಬಂದ ಸತುವಿನ ಆಕ್ಸೈಡನ್ನು ಇದ್ದಿಲಿನೊಡನೆ ಕಾಯಿಸಿ ಲೋಹ ಪಡೆಯಲು ಸುಮಾರು ಸಾವಿರ ಡಿಗ್ರಿ ಶಾಖ ಬೇಕು. ಆದರೆ ಸತು 907 ಡಿಗ್ರಿಯಲ್ಲಿಯೇ ಕುದಿದು ಆವಿಯಾಗುತ್ತದೆ. ಕಬ್ಬಿಣ, ತಾಮ್ರಗಳಂತೆ ಕುಲುಮೆಯ ತಳದಲ್ಲಿ ಅದು ಸಿಗುವುದಿಲ್ಲ. ಆವಿಗೆ ಗಾಳಿ ತಗುಲಿದರೆ ಮತ್ತೆ ಆಕ್ಸೈಡಾಗಿ ಬಿಳಿ ಪುಡಿಯಾಗುತ್ತದೆ. ಮಾಡಿದ ಶ್ರಮವೆಲ್ಲ ವ್ಯರ್ಥ!

ರಾಜಸ್ಥಾನದ ಜಾವರ್‌ನ ಕೆಲಸಗಾರರು ಕನಿಷ್ಠ 14ನೆಯ ಶತಮಾನದ ಹೊತ್ತಿಗೆ ಇದನ್ನು ದೊಡ್ಡ ಪ್ರಮಾಣದಲ್ಲಿ ಬಿಡಿಸಿದ್ದರು. ಬದನೆಕಾಯಿ ಆಕಾರದ ಮಣ್ಣಿನ ಪಾತ್ರೆಗಳಲ್ಲಿ ಅದಿರು ತುಂಬಿ, ಬಾಯಿಗೆ ಕೊಳವೆ ಜೋಡಿಸಿ, ತಲೆಕೆಳಗಾಗಿ ಕುಲುಮೆಯಲ್ಲಿ ನಿಲ್ಲಿಸಿದರು. ಒಂದು ಕುಲುಮೆಯಲ್ಲಿ ಇಂಥ 36 ಪಾತ್ರೆಗಳು. ಮೇಲೆ ಬೆಂಕಿ, ಕೆಳಗೆ ತಂಪಾದ ಕೋಣೆ. ಅರಬರ ಅಂಬೀಕಿನಲ್ಲಿ ಆವಿ ಮೇಲೇರಿದರೆ ಇಲ್ಲಿ ಕೆಳಗಿಳಿದು, ಗಾಳಿಗೆ ಸಿಗದೆ ತಂಪಾಗಿ ಲೋಹವಾಯಿತು. ಯುರೋಪಿನಲ್ಲಿ ವಿಲಿಯಂ ಚಾಂಪಿಯನ್ ಎಂಬಾತ ಸತು ತೆಗೆಯುವ ವಿಧಾನಕ್ಕೆ ಪೇಟೆಂಟ್ ಪಡೆದದ್ದು 1738ರಲ್ಲಿ. ಅವನದೂ ಕೆಳಮುಖದ ಬಟ್ಟಿಯೇ ಎಂಬುದು ಗಮನಾರ್ಹ.

ವಿದ್ಯಾರ್ಥಿಗಳು ಇಲ್ಲಿ ಲೆಕ್ಕವನ್ನೂ ಮಾಡಿ ನೋಡಬೇಕು. 81.4 ಕಿಲೋ ಸತುವಿನ ಆಕ್ಸೈಡಿಗೆ 12 ಕಿಲೋ ಇಂಗಾಲ ಬೇಕು. ಹೊರಬರುವುದು 65.4 ಕಿಲೋ ಸತು ಮತ್ತು 28 ಕಿಲೋ ಕಾರ್ಬನ್ ಮೊನಾಕ್ಸೈಡ್. ಒಳಹೋದದ್ದು 93.4, ಹೊರಬಂದದ್ದು 93.4. ಕೆಮಿಕಲ್ ಎಂಜಿನಿಯರಿಂಗ್‌ನ ಮೊದಲ ಅಧ್ಯಾಯವೇ ಈ ದ್ರವ್ಯದ ಜಮಾಖರ್ಚು. ಬಟ್ಟಿ ಇಳಿಸುವುದು, ಸೋಸುವುದು, ಒಣಗಿಸುವುದು ಮುಂತಾದ ಕೆಲಸಗಳನ್ನು 'ಘಟಕ ಕ್ರಿಯೆ'ಗಳೆಂದು ಹೆಸರಿಸಿ ಈ ಶಾಸ್ತ್ರಕ್ಕೆ ರೂಪ ಕೊಟ್ಟವರು ಅಮೆರಿಕದ ಆರ್ಥರ್ ಲಿಟಲ್, ಅದೂ 1915ರಲ್ಲಿ. ಹೆಸರು ಹೊಸದು, ಕೆಲಸ ಹಳೆಯದು.

ಬೀದರ್‌ನ ಗಲ್ಲಿಗಳಲ್ಲಿ

1347ರಲ್ಲಿ ಕಲಬುರಗಿಯಲ್ಲಿ ಸ್ಥಾಪನೆಯಾದ ಬಹಮನಿ ರಾಜ್ಯದ ರಾಜಧಾನಿಯನ್ನು ಸುಲ್ತಾನ್ ಅಹ್ಮದ್ ಶಾ ವಲಿ (1422–1436) ಬೀದರ್‌ಗೆ ಸಾಗಿಸಿದರು. ಅಲ್ಲಿ ಬೆಳೆದ ಕಲೆಯೇ ಬಿದರಿ. ಕಲಬುರಗಿಯಿಂದ ಕಮಲಾಪುರ, ಹುಮನಾಬಾದ್ ದಾಟಿ ನೂರು ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು ದೂರ ಹೋದರೆ ಇಂದಿಗೂ ಹಳೆಯ ಊರಿನ ಗಲ್ಲಿಗಳಲ್ಲಿ ಉಳಿ–ಸುತ್ತಿಗೆಯ ಸದ್ದು ಕೇಳಿಸುತ್ತದೆ. ಕಪ್ಪು ಮೈಯ ಮೇಲೆ ಬೆಳ್ಳಿಯ ಬಳ್ಳಿ ಹರಡಿದ ಹೂಜಿ, ಹುಕ್ಕಾ, ತಟ್ಟೆಗಳ ಅಂದ ಎಲ್ಲರಿಗೂ ಗೊತ್ತು. ಆದರೆ ಅದರೊಳಗೆ ಅಡಗಿರುವ ನಾಲ್ಕು ಲೆಕ್ಕಗಳು ಅಷ್ಟಾಗಿ ಗೊತ್ತಿಲ್ಲ.

ಮೊದಲನೆಯದು ಎರಕದ ಲೆಕ್ಕ. ಹದಿನಾರು ಪಾಲು ಸತುವಿಗೆ ಒಂದು ಪಾಲು ತಾಮ್ರ ಎಂಬುದು ರೂಢಿಯ ಮಾತು. ತಾಮ್ರ ಕರಗುವುದು 1085 ಡಿಗ್ರಿಯಲ್ಲಿ, ಸತು ಅದಕ್ಕೂ ಮೊದಲೇ ಆವಿಯಾಗುತ್ತದೆ. ಹಾಗಾದರೆ ಇವೆರಡೂ ಸೇರುವುದು ಹೇಗೆ? ಉಪ್ಪನ್ನು ಕರಗಿಸಲು ಉಪ್ಪಿನ ಕರಗುಬಿಂದುವಿನವರೆಗೆ ಕಾಯಿಸಬೇಕಿಲ್ಲ, ನೀರಿದ್ದರೆ ಸಾಕು. ಹಾಗೆಯೇ ಕರಗಿದ ಸತುವಿನಲ್ಲಿ ತಾಮ್ರ ತಾನಾಗಿ ಲೀನವಾಗುತ್ತದೆ. 1600 ಗ್ರಾಂ ಸತುವೆಂದರೆ 24.46 ಮೋಲ್, 100 ಗ್ರಾಂ ತಾಮ್ರವೆಂದರೆ 1.57 ಮೋಲ್. ತಾಮ್ರದ ಮೋಲ್ ಭಾಗ 0.06. ತೂಕದ ಲೆಕ್ಕದಲ್ಲೂ ಅದು ನೂರಕ್ಕೆ ಸುಮಾರು ಆರೇ. ಎರಡೂ ಒಂದೇ ಏಕೆ ಬಂತು? ಅಣುತೂಕಗಳ ಪಟ್ಟಿಯನ್ನು ತೆರೆದು ನೀವೇ ಹುಡುಕಿ.

ಎರಡನೆಯದು ಮೈಲುತುತ್ತದ ಲೆಕ್ಕ. ಎರಕದ ಪಾತ್ರೆ ಬೆಳ್ಳಗಿರುವುದರಿಂದ ಅದರ ಮೇಲೆ ಗೀರಿದ ಗೆರೆ ಕಾಣದು. ಅದಕ್ಕೆ ಉಸ್ತಾದರು ಮೈಲುತುತ್ತದ ದ್ರಾವಣವನ್ನು ಒರೆಸುತ್ತಾರೆ. ಕ್ಷಣದಲ್ಲಿ ಮೈ ಕಪ್ಪಾಗಿ, ಉಳಿ ಗೀರಿದ ಕಡೆ ಬಿಳಿಗೆರೆ ಎದ್ದು ಕಾಣುತ್ತದೆ. ಇಲ್ಲಿ ಸತು ದ್ರಾವಣಕ್ಕೆ ಇಳಿದು ತಾಮ್ರವನ್ನು ಹೊರಹಾಕುತ್ತದೆ. 1836ರಲ್ಲಿ ಲಂಡನ್ನಿನ ಡೇನಿಯಲ್ ತಮ್ಮ ವಿದ್ಯುತ್ಕೋಶದಲ್ಲಿ ಬಳಸಿಕೊಂಡದ್ದು ಇದೇ ಕ್ರಿಯೆ. ಸತುವಿನ ಎಲೆಕ್ಟ್ರೋಡ್ ವಿಭವ –0.76 ವೋಲ್ಟ್, ತಾಮ್ರದ್ದು +0.34. ವ್ಯತ್ಯಾಸ 1.10 ವೋಲ್ಟ್. ಎರಡು ಎಲೆಕ್ಟ್ರಾನುಗಳು, 96,500 ಕೂಲಂಬ್, 1.10 ವೋಲ್ಟ್ ಇವನ್ನು ಗುಣಿಸಿದರೆ ಒಂದು ಮೋಲಿಗೆ ಸುಮಾರು 212 ಕಿಲೋಜೂಲ್ ಮುಕ್ತಶಕ್ತಿ ಇಳಿಯುತ್ತದೆ. ಮುಕ್ತಶಕ್ತಿ ಇಳಿಯುವ ಕ್ರಿಯೆ ತಾನಾಗಿಯೇ ನಡೆಯಬಲ್ಲದು. ಪರೀಕ್ಷೆಯಲ್ಲಿ ಐದು ಅಂಕಕ್ಕೆ ಬರುವ ಈ ಲೆಕ್ಕ ಬೀದರ್‌ನಲ್ಲಿ ಒಂದು ಬಟ್ಟೆಯ ಚೂರಿನಿಂದ ನಡೆಯುತ್ತದೆ.

ಮೂರನೆಯದು ಕೋಟೆಯ ಮಣ್ಣಿನ ಲೆಕ್ಕ. ಬೆಳ್ಳಿ ಕೂಡಿಸಿ ನಯಮಾಡಿದ ಪಾತ್ರೆಯನ್ನು ಹದವಾಗಿ ಕಾಯಿಸಿ, ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರವನ್ನು ನೀರಿನಲ್ಲಿ ಕಲಸಿ ಹಚ್ಚುತ್ತಾರೆ. ತೊಳೆದರೆ ಸತು ಕಡುಗಪ್ಪು, ಬೆಳ್ಳಿ ಹಾಗೇ ಬಿಳಿ. ಮಳೆ–ಬಿಸಿಲು ಬೀಳದ ಹಳೆಯ ಕಟ್ಟಡಗಳ ಒಳಗಿನ ಮಣ್ಣೇ ಬೇಕು ಎನ್ನುತ್ತಾರೆ ಉಸ್ತಾದರು, ನಾಲಿಗೆಗೆ ತಾಕಿಸಿ ಅದರ ರುಚಿ ನೋಡಿ ಆರಿಸುತ್ತಾರೆ. ಇದರಲ್ಲಿ ಮೂಢನಂಬಿಕೆ ಏನೂ ಇಲ್ಲ. ಹಳೆಯ ಗೋಡೆಗಳ ಮಣ್ಣಿನಲ್ಲಿ ಪೆಟ್ಲುಪ್ಪಿನಂಥ ನೈಟ್ರೇಟ್ ಲವಣಗಳು ಸೇರುತ್ತವೆ. ಅವು ನೀರಿನಲ್ಲಿ ಬೇಗ ಕರಗುವುದರಿಂದ ಮಳೆಗೆ ಸಿಕ್ಕರೆ ಕೊಚ್ಚಿಹೋಗುತ್ತವೆ, ಸೂರಿನಡಿ ಉಳಿಯುತ್ತವೆ.

ನಾಲ್ಕನೆಯದು ತಾಮ್ರದ ಆ ಒಂದು ಪಾಲಿನ ಲೆಕ್ಕ. ತಾಮ್ರ ಬೆರೆಯದ ಬರೀ ಸತುವಿನ ಮೇಲೆ ಆ ಗಟ್ಟಿಯಾದ ಕಪ್ಪು ಬರುವುದಿಲ್ಲ ಎಂಬುದನ್ನು ಆಧುನಿಕ ಪರೀಕ್ಷೆಗಳು ತೋರಿಸಿವೆ. ಬೆಳ್ಳಿಯ ವಿಭವ +0.80 ವೋಲ್ಟ್. ಸತುವಿನಷ್ಟು ಸುಲಭವಾಗಿ ಅದು ಎಲೆಕ್ಟ್ರಾನು ಬಿಟ್ಟುಕೊಡುವುದಿಲ್ಲ, ಆದ್ದರಿಂದ ಅದೇ ಮಣ್ಣಿನಲ್ಲಿ ಮುಳುಗಿಯೂ ಹೊಳಪು ಉಳಿಸಿಕೊಳ್ಳುತ್ತದೆ. ಪಟ್ಟಿಯಲ್ಲಿ ನೀರಸವಾಗಿ ಕಾಣುವ ಮೂರು ಅಂಕಿಗಳು ಇಲ್ಲಿ ಕಪ್ಪು–ಬಿಳುಪಿನ ಹೂವಾಗಿ ಅರಳಿವೆ.

ಕೈ ಒಂದೆಡೆ, ಪುಸ್ತಕ ಇನ್ನೊಂದೆಡೆ

ಇಷ್ಟೆಲ್ಲ ತಿಳಿದಿದ್ದವರು ಅದನ್ನು ಸೂತ್ರವಾಗಿ ಏಕೆ ಬರೆಯಲಿಲ್ಲ? ಈ ಪ್ರಶ್ನೆಯನ್ನು ನಾವು ಪ್ರಾಮಾಣಿಕವಾಗಿ ಕೇಳಿಕೊಳ್ಳಬೇಕು. ಬೀದರ್‌ನಲ್ಲಿ 1472ರಲ್ಲಿ ಮಹಮೂದ್ ಗವಾನರು ಕಟ್ಟಿಸಿದ ಮದ್ರಸಾ ಇತ್ತು, ಅದಕ್ಕೆ ಪ್ರಸಿದ್ಧ ಗ್ರಂಥಾಲಯವಿತ್ತು. ಅದೇ ಊರಿನಲ್ಲಿ ಕುಲುಮೆಗಳಿದ್ದವು. ಆದರೆ ಕುಲುಮೆಯ ವಿದ್ಯೆ ತಂದೆಯಿಂದ ಮಗನಿಗೆ, ಉಸ್ತಾದರಿಂದ ಶಾಗಿರ್ದನಿಗೆ ಬಾಯಿಂದ ಬಾಯಿಗೆ ಸಾಗಿತು. ಅದು ಅಳತೆಯಾಗಿ, ಬರಹವಾಗಿ, ಎಲ್ಲರೂ ಪರೀಕ್ಷಿಸಬಹುದಾದ ಶಾಸ್ತ್ರವಾಗಲಿಲ್ಲ. ಲೋಹಗಳ ಸಾಂದ್ರತೆಯನ್ನು ನಿಖರವಾಗಿ ಅಳೆದು ಬರೆದಿಟ್ಟ ಅಲ್-ಬಿರೂನಿ, 1121ರಲ್ಲಿ ತಕ್ಕಡಿಯ ಕುರಿತೇ ಮಹಾಗ್ರಂಥ ರಚಿಸಿದ ಅಲ್-ಖಾಝಿನಿ ಇವರ ಮಾದರಿ ನಮ್ಮ ಕಾರ್ಖಾನೆಗಳ ಬಾಗಿಲಿಗೆ ಬರಲಿಲ್ಲ. ಇತ್ತ ಗಿಬ್ಸ್, ನರ್ನ್ಸ್ಟ್ ಮುಂತಾದವರು 19ನೆಯ ಶತಮಾನದ ಕೊನೆಯ ದಶಕಗಳಲ್ಲಿ ಕೈಯ ಅನುಭವವನ್ನು ಸಮೀಕರಣವಾಗಿಸಿದರು.

ಇಂದು ನಷ್ಟ ಎರಡೂ ಕಡೆ ಆಗುತ್ತಿದೆ. ಬಿದರಿಗೆ 2006ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು. ಬೀದರ್‌ನ ಹಿರಿಯ ಕಲಾವಿದ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಸಂದಿತು. ಇದು ನಮಗೆಲ್ಲ ಹೆಮ್ಮೆ. ಆದರೆ ಕುಲುಮೆಯ ಮನೆಯ ಹುಡುಗ ಕಾಲೇಜಿಗೆ ಬಂದಾಗ ತನ್ನ ಮನೆಯ ವಿದ್ಯೆಯೇ ಪಠ್ಯದಲ್ಲಿದೆ ಎಂದು ಅರಿಯದೆ, ರಸಾಯನಶಾಸ್ತ್ರ ತನಗಲ್ಲ ಎಂದು ಬಿಟ್ಟರೆ ಆ ಹೆಮ್ಮೆಗೆ ಅರ್ಥವೇನು?

ವಿದ್ಯಾರ್ಥಿಗಳಿಗೆ ಒಂದು ಮಾತು

ಮುಂದೆ ಲೆಕ್ಕ ಬಿಡಿಸುವಾಗ ಹೀಗೆ ಮಾಡಿ. ಕೊಟ್ಟದ್ದೇನು, ಕೇಳಿದ್ದೇನು ಎಂದು ನಿಮ್ಮ ಮಾತಿನಲ್ಲಿ ಬರೆಯಿರಿ. ಒಳಹೋಗುವುದು, ಹೊರಬರುವುದು ಎರಡನ್ನೂ ಒಂದು ಚೌಕ ಎಳೆದು ಗುರುತಿಸಿ. ಯಾವ ನಿಯಮ, ಏಕೆ ಎಂದು ಕೇಳಿಕೊಳ್ಳಿ. ಏಕಮಾನಗಳನ್ನು ಬಿಡದೆ ಬರೆಯಿರಿ. ಉತ್ತರ ಬಂದ ಮೇಲೆ, ಇದು ನಂಬುವಂತಿದೆಯೇ ಎಂದು ಯೋಚಿಸಿ. ನಾಲಿಗೆಗೆ ಮಣ್ಣು ತಾಕಿಸಿ ನೋಡುವ ಉಸ್ತಾದರ ಎಚ್ಚರವೇ ಇದು.

ಕೊನೆಯದಾಗಿ ನಮ್ಮ ಜಿಲ್ಲೆಯದೇ ಒಂದು ಲೆಕ್ಕ. ವಾಡಿ, ಮಳಖೇಡ, ಸೇಡಂ ಕಡೆಯ ಸುಣ್ಣದಕಲ್ಲು ಸುಮಾರು 1450 ಡಿಗ್ರಿಯ ಕುಲುಮೆಗಳಲ್ಲಿ ಸಿಮೆಂಟಿನ ಕ್ಲಿಂಕರ್ ಆಗುತ್ತದೆ. 100 ಕಿಲೋ ಶುದ್ಧ ಕ್ಯಾಲ್ಸಿಯಂ ಕಾರ್ಬೊನೇಟ್ ಸುಟ್ಟರೆ 56 ಕಿಲೋ ಸುಣ್ಣ, 44 ಕಿಲೋ ಕಾರ್ಬನ್ ಡೈಆಕ್ಸೈಡ್. ಇಂಧನದ ಹೊಗೆ ಇದಕ್ಕೆ ಸೇರಿಲ್ಲ. 56 ಕಿಲೋ ನಮ್ಮ ಮನೆಗಳ ಗೋಡೆಯಲ್ಲಿದೆ. ಉಳಿದ 44 ಕಿಲೋ ಗಾಳಿಗೆ ಹೋಗಿ ಭೂಮಿಯನ್ನು ಬಿಸಿಮಾಡುತ್ತಿದೆ. ಅದನ್ನು ಹಿಡಿದಿಡುವ, ಅಗ್ಗವಾಗಿ ಹಿಡಿದಿಡುವ ದಾರಿ ಯಾವುದು? ಜಗತ್ತಿನ ಪ್ರಯೋಗಶಾಲೆಗಳು ಇದರ ಹಿಂದೆ ಬಿದ್ದಿವೆ. ಆವಿಯಾಗಿ ತಪ್ಪಿಸಿಕೊಳ್ಳುತ್ತಿದ್ದ ಸತುವನ್ನು ಪಾತ್ರೆ ತಲೆಕೆಳಗು ಮಾಡಿ ಹಿಡಿದವರ ನಾಡಿನವರು ನಾವು. ಈ ಲೆಕ್ಕಕ್ಕೂ ಮೋಮಿನಪುರದ ಯಾವುದಾದರೂ ಮನೆಯ ಮಗಳೋ ಮಗನೋ ಉತ್ತರ ಬರೆಯಲಿ. ಬರೆದದ್ದನ್ನು ಎಲ್ಲರಿಗೂ ಓದಲು ಕೊಡಲಿ.