‘ಧಾತು ಹೋಗುವುದು’: ಒಂದು ಮಾತಿನ ಮರುಪರಿಶೀಲನೆ

ಮಲಪ್ರಭೆಯ ದಂಡೆಯ ಮೇಲೆ ಹಾನಗಲ್ಲ ಕುಮಾರ ಸ್ವಾಮಿಗಳು 1909ರಲ್ಲಿ ಶಿವಯೋಗ ಮಂದಿರವನ್ನು ಕಟ್ಟಿದ್ದು ವಟುಗಳನ್ನು ಮಠದ ಹೊಣೆಗೆ ಅಣಿಗೊಳಿಸಲಿಕ್ಕೆ. ಬ್ರಹ್ಮಚರ್ಯ ಅಲ್ಲಿನ ಸಾಧನೆಯ ತಳಹದಿ. ‘ಧಾತು ಹೋಗಾಕತ್ತೈತ್ರಿ’ ಎಂದು, ಅಂದರೆ ವೀರ್ಯ ಸೋರುತ್ತಿದೆ ಎಂದು, ಬಾದಾಮಿ, ಹುನಗುಂದದ ಕಡೆಯ ಹುಡುಗರು ವೈದ್ಯರ ಮುಂದೆ ತಲೆ ತಗ್ಗಿಸಿ ಹೇಳುವ ಅಂಜಿಕೆಗೆ ಇಂಥ ಮಠಗಳ ಬೋಧೆಯೇ ಮೂಲವೆಂಬ ಮಾತು ಓದಿದವರ ನಡುವೆ ಸಲೀಸಾಗಿ ನಡೆಯುತ್ತದೆ. ಆ ಮಾತನ್ನು ನಾನು ಒಪ್ಪಲಾರೆ.

ಮೊದಲು ದೇಹದ ಸಂಗತಿ; ಇಲ್ಲಿ ವಿವಾದವಿಲ್ಲ. ನಿದ್ದೆಯಲ್ಲಿ ವೀರ್ಯ ಹೋಗುವುದು ರೋಗವಲ್ಲ. ವೀರ್ಯದ ಬಹುಪಾಲು ವೀರ್ಯಕೋಶ ಮತ್ತು ಪ್ರಾಸ್ಟೇಟ್ ಗ್ರಂಥಿಗಳ ದ್ರವ. ವೀರ್ಯಾಣುಗಳ ಪಾಲು ನೂರಕ್ಕೆ 5ನ್ನು ಮೀರುವುದಿಲ್ಲ. ಮಲವಿಸರ್ಜನೆಗೆ ಮುಕ್ಕುವಾಗ ಅಂಟು ಹನಿ ಕಾಣಿಸಿಕೊಳ್ಳುವುದುಂಟು.  ಇನ್ನು ಊಟದ ಮೇಲೆ ಮೂತ್ರ ಹಾಲಿನಂತೆ ಕದಡಿ ಬಂದರೆ ಅದು ಹಲವು ಸಲ ಫಾಸ್ಫೇಟ್ ಲವಣ. ಅಂಥ ಮೂತ್ರವಿರುವ ಗಾಜಿನ ನಳಿಕೆಗೆ ಅಸಿಟಿಕ್ ಆಮ್ಲದ ನಾಲ್ಕು ಹನಿ ಬಿಟ್ಟರೆ ಬಿಳುಪು ಕರಗಿ, ಮೂತ್ರ ಕಣ್ಣೆದುರೇ ತಿಳಿಯಾಗುತ್ತದೆ. ವೀರ್ಯವೆಂದು ಹೆದರಿದವನಿಗೆ ಹತ್ತು ಮಾತಿನ ಸಮಾಧಾನಕ್ಕಿಂತ ಈ ನೋಟ ಹೆಚ್ಚು ಧೈರ್ಯ ಕೊಟ್ಟೀತು.

ಈ ಅಂಜಿಕೆಗೆ ‘ಧಾತ್ ಸಿಂಡ್ರೋಮ್’ ಎಂಬ ಹೆಸರನ್ನು 1960ರಲ್ಲಿ ಕೊಟ್ಟವರು ಮನೋವೈದ್ಯ ಎನ್.ಎನ್. ವಿಗ್. 1975ರಲ್ಲಿ ಮಲ್ಹೋತ್ರಾ ಮತ್ತು ವಿಗ್ ಇದನ್ನು ಪೌರ್ವಾತ್ಯ ಸಂಸ್ಕೃತಿಗೆ ಕಟ್ಟುಬಿದ್ದ ಮನೋಬೇನೆ ಎಂದು ಬಗೆದರು. ಸುಮತಿಪಾಲ, ಸಿರಿಬದ್ದನ ಮತ್ತು ಭುಗ್ರ 2004ರಲ್ಲಿ ಇದನ್ನು ಪ್ರಶ್ನಿಸಿದರು: 18ನೆಯ ಶತಮಾನದ ಸ್ವಿಸ್ ವೈದ್ಯ ಟಿಸೋ ಇದೇ ಭಯವನ್ನು ಯುರೋಪಿನಲ್ಲಿ ಹರಡಿದ್ದನಲ್ಲ! ಅವರ ಆಕ್ಷೇಪ ಸರಿಯಾದದ್ದು. ಆದರೆ ಎರಡೂ ಪಕ್ಷ ‘ಧಾತು’ ಎಂದರೆ ಶುಕ್ರ (ವೀರ್ಯ) ಎಂದೇ ಹಿಡಿದು ಹೊರಟಿವೆ. ನನ್ನ ತಕರಾರು ಅಲ್ಲಿಂದ ಶುರು.

ಪದಕ್ಕೆ ಬರುವ ಮುನ್ನ, ಮಠದ ಬೋಧೆಯೇ ಮೂಲವೆಂಬ ಮಾತಿಗಾಗಿ ಬ್ರಹ್ಮಚರ್ಯದ ವಿಧಿಗಳನ್ನೇ ಮೊದಲು ನೋಡೋಣ. ಶಿವಯೋಗ ಮಂದಿರದ ಲಿಂಗಾಯತ ಪರಂಪರೆಗೆ ಮನುಸ್ಮೃತಿ ಪ್ರಮಾಣವಲ್ಲ, ನಿಜ. ಆದರೆ ಕಟ್ಟುನಿಟ್ಟಿನ ಅಳತೆಗೋಲಾಗಿ ಅದು ಒದಗುತ್ತದೆ. ಅದರ ಎರಡನೆಯ ಅಧ್ಯಾಯ ಬೇಕೆಂದು ವೀರ್ಯ ಬಿಟ್ಟವನನ್ನು ವ್ರತಭಂಗಿ ಎನ್ನುತ್ತದೆ. ಕನಸಿನಲ್ಲಿ, ತನ್ನ ಇಚ್ಛೆಯಿಲ್ಲದೆ ವೀರ್ಯ ಹೋದವನಿಗೆ ಹೇಳುವುದು ಸ್ನಾನ, ಸೂರ್ಯಪೂಜೆ, ಮೂರು ಸಲ ಒಂದು ಋಕ್ಕಿನ ಜಪ ಇಷ್ಟೇ. ದೇಹ ಸವೆಯಿತು, ಆಯುಷ್ಯ ಕಡಿಮೆಯಾಯಿತು ಎಂಬ ಬೆದರಿಕೆ ಅಲ್ಲಿಲ್ಲ. ವ್ರತ ಇರುವುದು ಇಚ್ಛೆಯ ಮೇಲೆ. ಅಂಗೈಯಲ್ಲಿ ಇಷ್ಟಲಿಂಗವಿಟ್ಟು ದೃಷ್ಟಿ ನೆಡುವ ವಟುವಿನ ಸಾಧನೆಯೂ ಇಚ್ಛೆಯನ್ನು ಒಂದೆಡೆ ನಿಲ್ಲಿಸುವ ಅಭ್ಯಾಸ. ಹನಿ ಎಣಿಸುವ ಭಯ ಬೇರೆಯದೇ ಜಾತಿಯದು.

ಆಯುರ್ವೇದವೇ ಮೂಲವೆನ್ನುವವರಿಗೆ ಚರಕಸಂಹಿತೆಯೂ ಪೂರ್ತಿ ಒದಗಿಬರುವುದಿಲ್ಲ. ಅದು ಮೂತ್ರದಲ್ಲಿ ಶುಕ್ರ ಹೋಗುವ ಶುಕ್ರಮೇಹವನ್ನು ಕಫದಿಂದ ಹುಟ್ಟುವ ಮೇಹಗಳಲ್ಲಿ ಎಣಿಸುತ್ತದೆ, ಬ್ರಹ್ಮಚರ್ಯವನ್ನು ಆಹಾರ, ನಿದ್ರೆಗಳ ಜೊತೆಗೆ ದೇಹದ ಆಧಾರವೆನ್ನುತ್ತದೆ, ರಾಜಯಕ್ಷ್ಮವೆಂಬ ಸೊರಗುವ ರೋಗದ ಕಾರಣಗಳಲ್ಲಿ ಕ್ಷಯವನ್ನು (ಧಾತುಗಳ ಸವೆತವನ್ನು) ಹೇಳುವಾಗ ಶುಕ್ರವನ್ನೂ ಸೇರಿಸುತ್ತದೆ. ಇವನ್ನು ನಾನು ಮರೆಮಾಚುತ್ತಿಲ್ಲ. ಆದರೆ ಸೂತ್ರಸ್ಥಾನದ ಏಳನೆಯ ಅಧ್ಯಾಯ ತಡೆಯಬಾರದ 13 ವೇಗಗಳಲ್ಲಿ (ದೇಹದ ಸಹಜ ಒತ್ತಡಗಳಲ್ಲಿ) ಮೂತ್ರ, ಸೀನು, ಕಣ್ಣೀರುಗಳ ಸಾಲಿನಲ್ಲೇ ಶುಕ್ರವನ್ನೂ ಇಟ್ಟಿದೆ; ತಡೆದರೆ ಶಿಶ್ನ, ವೃಷಣಗಳಲ್ಲಿ ನೋವು, ಎದೆಬೇನೆ, ಮೂತ್ರಕಟ್ಟು ಎನ್ನುತ್ತದೆ. ಹೋದರೇ ಕೇಡು ಎಂಬ ಒಂದೇ ಸೂತ್ರ ಅದರಲ್ಲಿಲ್ಲ.

ಹಾಗಾದರೆ ಭಯದ ಮಾತು ಎಲ್ಲಿಯದು? ಕನ್ನಡದಲ್ಲಿ ‘ಧಾತುಗೆಡು’ ಎಂಬ ಹಳೆಯ ಕ್ರಿಯಾಪದವಿದೆ. ಬಲಗುಂದು, ಕಂಗೆಡು ಎಂದು ಅರ್ಥ. ಶುಕ್ರದ ಸುಳಿವು ಅದರಲ್ಲಿಲ್ಲ. ಧಾತು ಎಂದರೆ ನಾಡಿ ಎಂಬ ಅರ್ಥವೂ ಕನ್ನಡದಲ್ಲಿ ಬಳಕೆಯಲ್ಲಿತ್ತು. ಶಾಸ್ತ್ರದಲ್ಲಿ ರಸದಿಂದ ಶುಕ್ರದವರೆಗೆ ಧಾತು ಏಳು. ಆಡುಮಾತಿನಲ್ಲಿ ಇಂದು ಉಳಿದದ್ದು ಕೊನೆಯದೊಂದೇ. ನನ್ನ ಊಹೆ ಇದು, ಊಹೆ ಎಂದೇ ಇಡುತ್ತೇನೆ: ಹುಡುಗ ಮೊದಲು ಧಾತುಗೆಟ್ಟಿರುತ್ತಾನೆ. ದಣಿವು, ನಿದ್ದೆಗೇಡು, ಎದೆ ಡವಡವ ಮೊದಲು. ಕಾರಣವಾಗಿ ಶುಕ್ರ ಆಮೇಲೆ ಬಂದು ಕೂಡುತ್ತದೆ. ಇಂಥವರಲ್ಲಿ ಖಿನ್ನತೆ, ಆತಂಕ ಮತ್ತೆ ಮತ್ತೆ ಕಂಡುಬಂದಿರುವುದು ಈ ಊಹೆಗೆ ಹೊಂದುತ್ತದೆ. ಗೋವೆಯಲ್ಲಿ ವಿಕ್ರಮ್ ಪಟೇಲ್ ಮತ್ತು ಸಂಗಡಿಗರ ಅಧ್ಯಯನವೂ ಹೆಂಗಸರ ಬಿಳಿಸೆರಗಿನ ದೂರು ಸೋಂಕಿಗಿಂತ ಮನಸ್ಸಿನ ಬೇಗೆಗೆ ಹತ್ತಿರವಿರುವುದನ್ನು ಕಂಡಿದೆ. ಹೆಂಗಸಿನ ‘ಬಿಳಿ’ಗೂ ಗಂಡಸಿನ ‘ಧಾತು’ವಿಗೂ ‘ಹೋಗುವುದು’ ಎಂಬ ಕ್ರಿಯಾಪದ ಒಂದೇ ಎಂಬುದನ್ನು ಗಮನಿಸಬೇಕು. ಆದರೆ ಪದದ ಸಾಕ್ಷ್ಯದಿಂದ ರೋಗದ ಚರಿತ್ರೆ ಬರೆಯುವುದು ಅಪಾಯದ ಕೆಲಸ. ಅರ್ಥ ಮೊದಲು ಕಿರಿದಾಗಿ, ಆಮೇಲೆ ಭಯ ಹುಟ್ಟಿರುವ ಸಾಧ್ಯತೆಯನ್ನೂ ಅಲ್ಲಗಳೆಯಲಾರೆ. ಮಠದ ಪ್ರವಚನಗಳು ಕೆಲವರಲ್ಲಿ ಅಂಜಿಕೆ ಹೆಚ್ಚಿಸಿರಲೂಬಹುದು; ಬೀಜ ಅಲ್ಲಿಯದಲ್ಲ ಎಂಬಷ್ಟೇ ನನ್ನ ವಾದ.

ಅರ್ಥ ಕಿರಿದಾದದ್ದು ಯಾವಾಗ? ಇದನ್ನು ತಿಳಿಯಲು ಹಳೆಯ ಕನ್ನಡ ವೈದ್ಯಗ್ರಂಥಗಳಾದ ಜಗದ್ದಳ ಸೋಮನಾಥನ ಕರ್ಣಾಟಕ ಕಲ್ಯಾಣಕಾರಕ, ಶ್ರೀಧರದೇವನ ವೈದ್ಯಾಮೃತಗಳಲ್ಲಿ ‘ಧಾತು’ವಿನ ಪ್ರತಿಯೊಂದು ಪ್ರಯೋಗವನ್ನೂ ಎತ್ತಿ ಬರೆದುಕೊಳ್ಳಬೇಕು. ಬಸ್ ನಿಲ್ದಾಣದ ಗೋಡೆಗಳ ‘ಗುಪ್ತರೋಗ’ದ ಜಾಹೀರಾತನ್ನೂ ಬಿಡುವಂತಿಲ್ಲ. ಅಂಥವನ್ನು ತಡೆಯುವ ಕಾಯ್ದೆ 1954ರಲ್ಲೇ ಬಂದರೂ ಅವು ನಿಂತಿಲ್ಲ. ಈ ಪದಕ್ಕೆ ಇಂದಿನ ಅರ್ಥ ಕೊಟ್ಟದ್ದರಲ್ಲಿ ಅವುಗಳ ಪಾಲೆಷ್ಟು ಎಂಬುದು ಇನ್ನೂ ಅಳೆಯಬೇಕಾದ ಸಂಗತಿ.