ಮಲಗುಚೀಲದ ತೂಕ

ಹೊದಿಕೆ ಬೆಚ್ಚಗಿದೆ ಎಂದು ನಾವೆಲ್ಲ ಹೇಳುತ್ತೇವೆ. ಆದರೆ ಯಾವ ಹೊದಿಕೆಯೂ ಶಾಖವನ್ನು ಹುಟ್ಟಿಸುವುದಿಲ್ಲ. ಮೈಯ ಶಾಖ ಸೋರಿಹೋಗದಂತೆ ತಡೆಯುವುದಷ್ಟೇ ಅದರ ಕೆಲಸ. ದೆಹಲಿಯ ರಜಾಯಿಗೂ ಹಿಮಾಲಯದ ಚಾರಣಿಗರ ಸ್ಲೀಪಿಂಗ್ ಬ್ಯಾಗಿಗೂ ಈ ಮಾತು ಒಂದೇ. ಹೊದಿಕೆಯ ಈ ಶಕ್ತಿಯನ್ನು ಕಸಿಯುವ ಮುಖ್ಯ ಶತ್ರು ನೀರು. ಈ ಸತ್ಯಕ್ಕೆ ಅಂಕಿಗಳ ಸಹಿತ ದೊರೆಯುವ ಸಾಕ್ಷ್ಯವೊಂದು 1911ರ ಅಂಟಾರ್ಕ್ಟಿಕಾದ ಚಳಿಗಾಲದಲ್ಲಿದೆ.

ಕ್ಯಾಪ್ಟನ್ ಸ್ಕಾಟ್ ನೇತೃತ್ವದ ದಕ್ಷಿಣ ಧ್ರುವಯಾತ್ರೆಯ ತಂಡ ಆಗ ರಾಸ್ ದ್ವೀಪದ ಕೇಪ್ ಇವಾನ್ಸ್‌ನಲ್ಲಿ ಬೀಡುಬಿಟ್ಟಿತ್ತು. ಅಲ್ಲಿಂದ ಜೂನ್ 27ರಂದು ಎಡ್ವರ್ಡ್ ವಿಲ್ಸನ್, ಹೆನ್ರಿ ಬೋವರ್ಸ್ ಮತ್ತು ಆಪ್ಸ್ಲಿ ಚೆರಿ-ಗೆರಾರ್ಡ್ ಎಂಬ ಮೂವರು ಕೇಪ್ ಕ್ರೋಜಿಯರ್ ಕಡೆಗೆ ಹೊರಟರು. ಚಕ್ರವರ್ತಿ ಪೆಂಗ್ವಿನ್‌ಗಳ ಮೊಟ್ಟೆಗಳನ್ನು ತರುವುದು ಅವರ ಉದ್ದೇಶ. ಆ ಹಕ್ಕಿಯ ಭ್ರೂಣವು ಪಕ್ಷಿಗಳಿಗೂ ಸರೀಸೃಪಗಳಿಗೂ ಇರುವ ನಂಟನ್ನು ತೋರಿಸೀತೆಂಬುದು ವಿಲ್ಸನ್ನರ ನಿರೀಕ್ಷೆಯಾಗಿತ್ತು. ಪೆಂಗ್ವಿನ್ ಮೊಟ್ಟೆಯಿಡುವುದು ನಡುಚಳಿಗಾಲದಲ್ಲಿ. ಆಗ ಅಲ್ಲಿ ಸೂರ್ಯನೇ ಇಲ್ಲ. ಕತ್ತಲಲ್ಲಿ, ಜಾರುಬಂಡಿಗಳನ್ನು ತಾವೇ ಎಳೆಯುತ್ತಾ, ಮೈನಸ್ 60 ಡಿಗ್ರಿ ಸೆಲ್ಸಿಯಸ್‌ಗೂ ಕೆಳಗಿಳಿದ ಚಳಿಯಲ್ಲಿ ಅವರು ನಡೆದರು.

ಮೂವರಿಗೂ ಹಿಮಸಾರಂಗದ ಚರ್ಮದ ಮಲಗುಚೀಲಗಳಿದ್ದವು. ಅವುಗಳ ಒಳಗೆ ಸೇರಿಸಿಕೊಳ್ಳಲು ಐಡರ್ ಎಂಬ ಉತ್ತರದ ಕಡಲಬಾತಿನ ತುಪ್ಪುಳು ತುಂಬಿದ ಒಳಚೀಲಗಳೂ ಇದ್ದವು. ಇಂದು ನಾವು 'ಡೌನ್' ಎಂದು ಕರೆಯುವುದು ಬಾತು-ಹೆಬ್ಬಾತುಗಳ ಎದೆಯ ಈ ತುಪ್ಪುಳನ್ನೇ. ವಿಲ್ಸನ್ ಮತ್ತು ಚೆರಿ-ಗೆರಾರ್ಡ್ ಒಳಚೀಲವನ್ನು ಬಳಸಿದರು. ಬೋವರ್ಸ್ ತಮ್ಮದನ್ನು ಬಳಸದೆ ಹಾಗೆಯೇ ಒಣಗಿರಿಸಿಕೊಂಡರು.

ಅಲ್ಲಿ ಮಳೆಯಿಲ್ಲ, ಹೊಳೆಯಿಲ್ಲ. ಹಾಗಿದ್ದೂ ಚೀಲಗಳು ನೆನೆದವು. ನೀರು ಬಂದದ್ದು ಮಲಗಿದವರ ಮೈಯಿಂದಲೇ. ಹಗಲೆಲ್ಲ ಬಂಡಿ ಎಳೆದ ಬೆವರು ಬಟ್ಟೆಯಲ್ಲೇ ಹೆಪ್ಪುಗಟ್ಟುತ್ತಿತ್ತು. ರಾತ್ರಿ ಮೈಯ ಕಾವಿಗೆ ಕರಗಿ ಆವಿಯಾಗಿ ಚೀಲಕ್ಕೆ ಇಳಿಯುತ್ತಿತ್ತು. ಚಳಿಗೆ ಹೆದರಿ ಚೀಲದ ಬಾಯಿ ಮುಚ್ಚಿ ಒಳಗೇ ಉಸಿರಾಡಿದ್ದರಿಂದ ಉಸಿರಿನ ತೇವವೂ ಅದಕ್ಕೆ ಕೂಡಿತು. ಆವಿ ಹೊರಗಿನ ಪದರವನ್ನು ದಾಟುವ ಮೊದಲೇ ಮಂಜುಗಡ್ಡೆಯಾಗಿ ಅಲ್ಲಿಯೇ ನಿಲ್ಲುತ್ತಿತ್ತು. ಒಣಗಿಸಲು ಬಿಸಿಲಿಲ್ಲ. ದಿನಗಳೆದಂತೆ ಚೀಲಗಳು ಹಲಗೆಯಂತೆ ಸೆಟೆದುಕೊಂಡವು. ಮೈಯ ಕಾವಿನಿಂದ ಇಷ್ಟಿಷ್ಟೇ ಕರಗಿಸಿಕೊಂಡು ಅವುಗಳೊಳಗೆ ನುಸುಳುವುದೇ ದೊಡ್ಡ ಕೆಲಸವಾಯಿತು.

ಕ್ರೋಜಿಯರ್‌ನಲ್ಲಿ ಕಟ್ಟಿಕೊಂಡ ಕಲ್ಲಿನ ಗುಡಿಸಲಿನ ಕ್ಯಾನ್ವಾಸ್ ಮಾಡನ್ನು ಬಿರುಗಾಳಿ ಹರಿದು ಹಾಕಿತು. ಡೇರೆಯೂ ಹಾರಿಹೋಗಿ, ಗಾಳಿ ತಗ್ಗಿದ ಮೇಲೆ ಅದೃಷ್ಟವಶಾತ್ ಇಳಿಜಾರಿನ ಕೆಳಗೆ ಸಿಕ್ಕಿತು. ಆ ಹೊತ್ತಿಗೆ ಚೆರಿ-ಗೆರಾರ್ಡರ ಚೀಲದಲ್ಲಿ ಬೆಚ್ಚನೆಯ ಮಾತೇ ಉಳಿದಿರಲಿಲ್ಲ. ಬೋವರ್ಸ್ ತಮ್ಮ ಒಣ ಒಳಚೀಲವನ್ನು ಅವರ ಮುಂದೆ ಹಿಡಿದರು. ಅಂಥ ಚಳಿಯಲ್ಲಿ ಒಣ ತುಪ್ಪುಳೆಂದರೆ ಜೀವವೇ. ಅದನ್ನು ಇನ್ನೊಬ್ಬನಿಂದ ಪಡೆಯುವುದು ತಪ್ಪೆಂದು ಚೆರಿ-ಗೆರಾರ್ಡ್ ಆದಷ್ಟೂ ನಿರಾಕರಿಸಿ, ಕೊನೆಗೆ ಒಪ್ಪಿಕೊಂಡರು.

ಆಗಸ್ಟ್ 1ರಂದು ಮೂವರೂ ಮೂರು ಮೊಟ್ಟೆಗಳೊಂದಿಗೆ ಮರಳಿದರು. ಬಳಿಕ ಚೀಲಗಳನ್ನು ತೂಗಲಾಯಿತು. ವಿಲ್ಸನ್ನರದು ಹೊರಡುವಾಗ 17 ಪೌಂಡ್, ಮರಳಿದಾಗ 40. ಚೆರಿ-ಗೆರಾರ್ಡರದು 18ರಿಂದ 45ಕ್ಕೆ ಏರಿತ್ತು. ಬರಿಯ ಚರ್ಮದ್ದಾಗಿದ್ದ ಬೋವರ್ಸರ ಚೀಲ 17ರಿಂದ 33ಕ್ಕೆ. ಒಟ್ಟು 52 ಪೌಂಡಿನ ಚೀಲಗಳು 118 ಪೌಂಡ್ ಆಗಿದ್ದವು. ಎಂದರೆ ಸುಮಾರು 30 ಕಿಲೋ ಮಂಜುಗಡ್ಡೆಯನ್ನು ಅವರು ತಮ್ಮ ಹಾಸಿಗೆಯಲ್ಲೇ ಎಳೆದು ತಂದಿದ್ದರು. ಮೂರೇ ಚೀಲಗಳಿಂದ ನಿಯಮ ಹೊರಡದು, ನಿಜ. ಆದರೂ ತುಪ್ಪುಳಿದ್ದ ಎರಡು ಚೀಲಗಳೇ ಹೆಚ್ಚು ತೂಕ ಪಡೆದದ್ದನ್ನು ಗಮನಿಸಬೇಕು.

ಕಾರಣ ಸರಳ. ತುಪ್ಪುಳಿನ ಎಳೆಗಳು ಅರಳಿನಿಂತು ತಮ್ಮ ನಡುವೆ ಗಾಳಿಯನ್ನು ಅಲುಗದಂತೆ ಹಿಡಿದಿಡುತ್ತವೆ; ಕಾಪಾಡುವುದು ಆ ನಿಶ್ಚಲ ಗಾಳಿ. ನೆನೆದ ತುಪ್ಪುಳು ಮುದ್ದೆಯಾಗಿ ಗಾಳಿಯ ಜಾಗ ಇಲ್ಲವಾಗುತ್ತದೆ. ನೀರಾದರೋ ನಿಶ್ಚಲ ಗಾಳಿಗಿಂತ 20 ಪಟ್ಟಿಗೂ ಹೆಚ್ಚು ವೇಗವಾಗಿ ಶಾಖವನ್ನು ಸಾಗಿಸುತ್ತದೆ. ಉಣ್ಣೆಯ ಗುಣ ಬೇರೆ: ಅದರ ಗುಂಗುರು ಎಳೆಗಳು ತೇವವನ್ನು ಹೀರಿದರೂ ಸುಲಭವಾಗಿ ಕುಸಿಯವು. ಮಲೆನಾಡಿನ ಮಳೆಯಲ್ಲಿ ಕಂಬಳಿಕೊಪ್ಪೆ ಹಾಕಿಕೊಂಡು ಗದ್ದೆಗಿಳಿದವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆದರೆ ಕಂಬಳಿ ಭಾರ. ಒಣಗಿರುವಷ್ಟು ಕಾಲ ಹಗುರತನದಲ್ಲಿ ತುಪ್ಪುಳಿಗೆ ಸಾಟಿಯಿಲ್ಲ. 1922ರ ಎವರೆಸ್ಟ್ ಯಾತ್ರೆಗೆ ಜಾರ್ಜ್ ಫಿಂಚ್ ಬಲೂನಿನ ಬಟ್ಟೆಯೊಳಗೆ ಐಡರ್ ತುಪ್ಪುಳು ತುಂಬಿಸಿದ ಕೋಟನ್ನು ಒಯ್ದರು. ಮೊದಲು ನಗೆಗೀಡಾದ ಆ ಉಡುಪು ಎತ್ತರದ ಒಣಚಳಿಯಲ್ಲಿ ತನ್ನ ಬೆಲೆಯನ್ನು ತೋರಿಸಿತು.

ನೀರಿನ ಸಮಸ್ಯೆಗೆ ಮುಂದಿನ ತಲೆಮಾರುಗಳು ಬಗೆಬಗೆಯ ಉತ್ತರ ಹುಡುಕಿದವು. ನೆನೆದರೂ ಅಷ್ಟಾಗಿ ಕುಸಿಯದ ಕೃತಕ ನಾರು ಬಂದಿತು. ನೀರು ಹತ್ತದಂತೆ ಸಂಸ್ಕರಿಸಿದ ತುಪ್ಪುಳು ಬಂದಿತು. ತೀವ್ರ ಚಳಿಗೆಂದು ಮೈಯ ಆವಿಯನ್ನು ಒಳಗೇ ತಡೆಯುವ ಅಸ್ತರಿಯೂ ಬಂದಿತು. ಆದರೂ ಮುಂಬಯಿ, ಪುಣೆಗಳಿಂದ ಹಿಮಾಲಯಕ್ಕೆ ಹೊರಡುವ ನಮ್ಮವರು ಪಾಲಿಸಬೇಕಾದ ಪಾಠಗಳು ಹಳೆಯವೇ. ಮೂಗು-ಬಾಯಿ ಚೀಲದ ಹೊರಗಿರಲಿ. ಬೆವರಿದ ಬಟ್ಟೆಯಲ್ಲಿ ಮಲಗಬಾರದು. ಡೇರೆಯಲ್ಲಿ ಗಾಳಿಯಾಡಲು ಎಡೆಯಿರಲಿ. ಬಿಸಿಲು ಕಂಡೊಡನೆ ಚೀಲವನ್ನು ಹರವಬೇಕು. ಹೊರುವಾಗ ನೀರು ಹೋಗದ ಚೀಲದಲ್ಲಿಡಬೇಕು. ಮಳೆ ಬಿಡದ ಪ್ರದೇಶವಾದರೆ ಕೃತಕ ನಾರಿನದೇ ಲೇಸು.

ವಿಲ್ಸನ್ ಮತ್ತು ಬೋವರ್ಸ್ ಮರುವರ್ಷ ಸ್ಕಾಟರೊಡನೆ ಧ್ರುವದಿಂದ ಮರಳುವ ದಾರಿಯಲ್ಲಿ ತೀರಿಕೊಂಡರು. 1912ರ ನವೆಂಬರಿನಲ್ಲಿ ಅವರ ಡೇರೆಯನ್ನು ಕಂಡ ಶೋಧತಂಡದಲ್ಲಿ ಚೆರಿ-ಗೆರಾರ್ಡ್ ಇದ್ದರು; ಇಬ್ಬರೂ ತಮ್ಮ ಮಲಗುಚೀಲಗಳಲ್ಲಿ ನಿದ್ರಿಸಿದಂತೆ ಮಲಗಿದ್ದರು. ಚೀಲಗಳ ತೂಕದ ಆ ಪಟ್ಟಿಯನ್ನೂ, ಬೋವರ್ಸ್ ಕೊಟ್ಟ ಒಣ ತುಪ್ಪುಳಿನ ಕಥೆಯನ್ನೂ ಚೆರಿ-ಗೆರಾರ್ಡ್ 1922ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ದಾಖಲಿಸಿದರು. ನೀರು ಎಷ್ಟು ಸೇರಿತೆಂಬುದನ್ನು ಆ ಪಟ್ಟಿ ಹೇಳುತ್ತದೆ. ಒಣಗಿದ ಒಂದು ಹೊದಿಕೆಯ ಬೆಲೆಯೇನೆಂಬುದನ್ನು ಆ ಕಥೆ ಹೇಳುತ್ತದೆ.